ಕಂಡಿದ್ದೋ, ಕೇಳಿದ್ದೋ

ನನ್ನ ಬಾಯಲ್ಲಿ ‘ಅಂತೆ’ ಬರುವುದಿಲ್ಲ. ಮದುವೆಯಾದ ಹೊಸತರಲ್ಲೇ ನನ್ನ ಹೆಂಡತಿ ಇದನ್ನು ಕಂಡುಹಿಡಿದಳು. ಊರೆಲ್ಲ ‘ನಾಳೆ ಮಳೆಯಂತೆ’ ಅಂದರೆ ನಾನು ‘ನಾಳೆ ಮಳೆ’ ಅನ್ನುತ್ತೇನೆ. ಪೇಪರಿನಲ್ಲಿ ಅರ್ಧ ಓದಿದ್ದು, ಆಫೀಸಿನ ಕಾಫಿ ಮೆಷಿನ್ನಿನ ಹತ್ತಿರ ಕಿವಿಗೆ ಬಿದ್ದದ್ದು, ಫ್ರೀವೇಯಲ್ಲಿ ಸಿಕ್ಕಿಹಾಕಿಕೊಂಡಾಗ ರೇಡಿಯೋದಲ್ಲಿ ಕೇಳಿದ್ದು, ಎಲ್ಲವೂ ನನ್ನ ಬಾಯಿಂದ ಹೊರಡುವಾಗ ನಾನೇ ಖುದ್ದಾಗಿ ಹೋಗಿ ನೋಡಿಬಂದ ಹಾಗೆ ಹೊರಡುತ್ತವೆ.

“ಒಂದೇ ಒಂದು ‘ಅಂತೆ’ ಸೇರಿಸಿದ್ರೆ ನಿಮ್ಮ ಗಂಟೇನು ಹೋಗತ್ತೆ?” ಅಂತ ಅವಳು ಎಷ್ಟೋ ಸಲ ಕೇಳಿದ್ದಾಳೆ.

ಗಂಟು ಹೋಗುತ್ತದೆ. ‘ಅಂತೆ’ ಅಂದವನ ಮಾತನ್ನು ಯಾರು ಕೇಳುತ್ತಾರೆ? ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಕ್ಯಾಲಿಫೋರ್ನಿಯಾದ ಈ ಫ್ರೀಮಾಂಟಿನ ಕೆರೆಗೆ ಎರಡು ಸುತ್ತು ಹಾಕಿ, ಬಾತುಕೋಳಿಗಳ ಪಕ್ಕದ ಬೆಂಚಿನಲ್ಲಿ ಫ್ಲಾಸ್ಕ್ ಬಿಚ್ಚುವ ನಮ್ಮ ಕನ್ನಡದವರ ಗುಂಪಿನಲ್ಲಿ ನನಗೊಂದು ಸ್ಥಾನವಿತ್ತು. ಚಾಲಕನಿಲ್ಲದ ಕಾರು ಒಳ್ಳೆಯದೋ ಕೆಟ್ಟದ್ದೋ, ಬಿಡುಗಡೆಯಾದ ಹೊಸ ಎಐ ಯಾರ ಕೆಲಸ ತಿನ್ನುತ್ತದೆ, ಆಮದು ಸುಂಕ ಏರಿದರೆ ತೊಗರಿಬೇಳೆ ಏನಾಗುತ್ತದೆ, ಸ್ಕೂಲ್ ಬೋರ್ಡಿಗೆ ಯಾರನ್ನು ಆರಿಸಬೇಕು, ಹತ್ತು ನಿಮಿಷ ಎಲ್ಲರೂ ಕಿತ್ತಾಡಿದ ಮೇಲೆ ಹತ್ತಿರದ ಡಬ್ಲಿನ್ ಊರಿನಿಂದ ಬರುವ ಡಾಕ್ಟರು ನನ್ನ ಕಡೆ ತಿರುಗಿ “ಸರಿ, ನೀವೇನಂತೀರಾ?” ಅನ್ನುತ್ತಿದ್ದರು. ನಾನು ಕಾಫಿಯ ಕೊನೆಯ ಗುಟುಕು ಮುಗಿಸಿ ತೀರ್ಪು ಕೊಡುತ್ತಿದ್ದೆ. ಆಫೀಸಿನಲ್ಲಿ ಇಪ್ಪತ್ತಮೂರು ವರ್ಷದಿಂದ ಕಂಪ್ಯೂಟರ್ ಚಿಪ್ಪುಗಳನ್ನು ಪರೀಕ್ಷೆ ಮಾಡುತ್ತೇನೆ. ಅಲ್ಲಿ ಮೀಟಿಂಗಿನಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ವಾರವಿಡೀ ಸೇತುವೆ ದಾಟಿ ಪಾಲೋ ಆಲ್ಟೋಗೆ ಹೋಗಿ ಬರುವ ನನಗೆ ಈ ಒಂದು ಪ್ರಶ್ನೆಯೇ ಸಂಬಳ. ಹಾಳೂರಿಗೆ ಉಳಿದವನೇ ಗೌಡ ಅಂತ ಹೆಂಡತಿ ಚುಡಾಯಿಸುತ್ತಿದ್ದಳು. ಗೌಡಿಕೆ ಯಾವ ಊರಿನದಾದರೇನು, ಗೌಡಿಕೆಯೇ.

ಹೋದ ವರ್ಷ ಬೇಸಿಗೆಯ ಶುರುವಿನಲ್ಲಿ ಆ ಅಮ್ಮ ಬಂದರು.

ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯಲ್ಲಿ ಒಂದು ಚಿಕ್ಕ ಸಂಸಾರವಿದೆ. ಗಂಡ ಧಾರವಾಡದವನು, ಹೆಂಡತಿ ಮೈಸೂರಿನವಳು, ಮೂರು ವರ್ಷದ ಒಂದು ಮಗು. ಆ ಮೈಸೂರಿನ ಹುಡುಗಿ ನಮ್ಮ ಜೊತೆ ನಡೆಯಲು ಬರುತ್ತಿದ್ದಳು. ಅವಳ ಅತ್ತೆ ಆರು ತಿಂಗಳಿಗೆ ಅಂತ ಬಂದವರು, ಎರಡನೆಯ ಶನಿವಾರವೇ ಸ್ಪೋರ್ಟ್ಸ್ ಶೂ ಹಾಕಿಕೊಂಡು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕೆರೆಗೆ ಬಂದರು. ಎಪ್ಪತ್ತರ ಆಸುಪಾಸು. ಧಾರವಾಡದ ಸಿವಿಲ್ ಕೋರ್ಟಿನಲ್ಲಿ ಮೊದಲು ಟೈಪಿಸ್ಟಾಗಿದ್ದು, ಆಮೇಲೆ ಬೆಂಚ್ ಕ್ಲಾರ್ಕಾಗಿ ನಿವೃತ್ತರಾದವರು. ಜಡ್ಜಿನ ಕೆಳಗಿನ ಮೇಜಿನಲ್ಲಿ ಕೂತು ಮೂವತ್ತು ಚಿಲ್ಲರೆ ವರ್ಷ ಸಾಕ್ಷಿಗಳ ಹೇಳಿಕೆ ಕೇಳಿದ ಕಿವಿ ಅವರದು. ನನ್ನನ್ನು ಪರಿಚಯಿಸಿದಾಗ ಕೈಮುಗಿದು “ನಮಸ್ಕಾರ್ರಿ ಸಾಹೇಬ್ರ” ಅಂದರು. ಸಾಹೇಬ್ರ! ನನಗೆ ಅವರು ಮೊದಲ ನೋಟಕ್ಕೇ ಹಿಡಿಸಿಬಿಟ್ಟರು. ಪಾರ್ಕಿನ ಕಸ ಎತ್ತಲು ಬಂದವನಿಗೂ ಅವರು ಸಾಹೇಬ್ರ ಅಂದದ್ದು ಹತ್ತು ನಿಮಿಷದ ಮೇಲೆ.

ಅವತ್ತು ಮಾತು ಚಾಲಕನಿಲ್ಲದ ಟ್ಯಾಕ್ಸಿಯದು. ನಾನು ಹೇಳುತ್ತಿದ್ದೆ, ಅದು ಅಡ್ಡ ಬಂದ ನಾಯಿಗೂ ಹಾರಿಬಂದ ಪ್ಲಾಸ್ಟಿಕ್ ಚೀಲಕ್ಕೂ ವ್ಯತ್ಯಾಸ ತಿಳಿಯದೆ ನಡುರಸ್ತೆಯಲ್ಲಿ ನಿಂತುಬಿಡುತ್ತದೆ, ಹಿಂದಿನವರು ಹಾರ್ನು ಹೊಡೆದರೂ ಕದಲುವುದಿಲ್ಲ. ಎಲ್ಲರೂ ತಲೆದೂಗುತ್ತಿದ್ದರು. ಆಗ ಬೆಂಚಿನ ತುದಿಯಿಂದ ಆ ಧ್ವನಿ ಬಂತು, ತುಂಬ ಮರ್ಯಾದೆಯಿಂದ:

“ಸಾಹೇಬ್ರ, ಇದು ಕಂಡಿದ್ದೋ, ಕೇಳಿದ್ದೋ?”

ನಾನು ತಡವರಿಸಿದೆ. “ಅಂದ್ರೆ... ಎಲ್ಲರಿಗೂ ಗೊತ್ತಿರೋದೇ ಅಮ್ಮ.”

“ಹಂಗಲ್ರಿ, ತಪ್ಪು ತಿಳ್ಕೋಬ್ಯಾಡ್ರಿ. ಚಟ ಆಗಿಬಿಟ್ಟದ. ಸಾಕ್ಷಿ ‘ಬಂದಿದ್ನಂತ’ ಅಂದ ಕೂಡ್ಲೆ ನಮ್ಮ ಜಡ್ಜ್ ಸಾಹೇಬ್ರು ಕೈ ಎತ್ತೋರು, ನಾ ಟೈಪ್ ನಿಲ್ಲಸ್ತಿದ್ದೆ. ಕಂಡಿದ್ದಷ್ಟ ಬರೀಬೇಕು, ಕೇಳಿದ್ದು ಬರಿಯಂಗಿಲ್ಲ.” ಆಮೇಲೆ ಅವರೇ ಮುಂದುವರಿಸಿದರು. “ನಾನೂ ಹತ್ತಿದ್ನಿರಿ ಅದನ್ನ. ಮಗ ಸ್ಯಾನ್ ಫ್ರಾನ್ಸಿಸ್ಕೋಕ್ಕ ಕರ್ಕೊಂಡು ಹೋಗಿದ್ದ. ಡ್ರೈವರ್ ಸೀಟ್ನ್ಯಾಗ ಯಾರೂ ಇಲ್ಲ, ಸ್ಟೇರಿಂಗ್ ತಾನ ತಿರಗ್ತದ. ನಾ ಒಂದು ನಮಸ್ಕಾರ ಹಾಕಿದೆ. ಯಾರಿಗೆ ಹಾಕಿದ್ನೋ ಆ ದೇವರಿಗೇ ಗೊತ್ತು.”

ಬೆಂಚು ಬಿದ್ದು ಬಿದ್ದು ನಕ್ಕಿತು. ಉಡುಪಿ ಕಡೆಯ ಗೆಳೆಯನಂತೂ ಕಾಫಿ ಮೂಗಿಗೆ ಹತ್ತಿಸಿಕೊಂಡು ಕೆಮ್ಮಿದ. ಇಪ್ಪತ್ತಮೂರು ವರ್ಷದಿಂದ ಇಲ್ಲಿರುವ ನಾನು ಆ ಕಾರು ಹತ್ತಿರಲಿಲ್ಲ. ಬಂದು ಹದಿನೈದು ದಿನವಾಗದ ಅಮ್ಮ ಹತ್ತಿ ಇಳಿದು, ನಮಸ್ಕಾರವನ್ನೂ ಹಾಕಿ ಬಂದಿದ್ದರು.

ಅಲ್ಲಿಂದ ಶುರುವಾಯಿತು. ಪ್ರತಿ ಶನಿವಾರ ನನಗೊಂದು ಏಟು. ನಮ್ಮ ಬೀದಿಯ ಇಂಡಿಯನ್ ಗ್ರೋಸರಿ ನಷ್ಟದಲ್ಲಿದೆ, ಮುಚ್ಚುತ್ತಾರೆ, ದೊಡ್ಡ ಅಂಗಡಿಗಳೆದುರು ಚಿಕ್ಕವರು ಬದುಕುವುದು ಕಷ್ಟ ಎಂದು ನಾನು ವ್ಯಾಪಾರದ ಬಗ್ಗೆ ಉಪನ್ಯಾಸ ಕೊಟ್ಟರೆ, ಅಮ್ಮ ಕರಿಬೇವು ತರಲು ಹೋದಾಗ ಮಾಲೀಕನನ್ನೇ ಕೇಳಿಬಂದಿದ್ದರು: ನೆಲಕ್ಕೆ ಹೊಸ ಟೈಲ್ಸ್ ಹಾಕಿಸುತ್ತಿದ್ದಾನೆ, ಒಂದು ವಾರ ಬಾಗಿಲು ಹಾಕುತ್ತಾನೆ, ಅಷ್ಟೇ. ಊರಿನ ಶಾಲೆಗಳ ಬಗ್ಗೆ ಒಂದು ವಿಷಯ ಮತಕ್ಕೆ ಬಂದಿತ್ತು. ನಾನು ಅದಕ್ಕೆ ‘ಬೇಡ’ ಎಂದು ಹಾಕಿ ಅಂತ ಬೆಂಚಿಗೆ ಅಪ್ಪಣೆ ಕೊಡಿಸಿದೆ. ಅಮ್ಮ ಕೈಚೀಲದಿಂದ ಮತದಾರರಿಗೆ ಅಂಚೆಯಲ್ಲಿ ಬರುವ ಆ ದಪ್ಪ ಪುಸ್ತಕ ತೆಗೆದರು. ಹಿಂದಿನ ಬಾಡಿಗೆದಾರರ ಹೆಸರಿಗೆ ಬಂದದ್ದೆಂದು ಮಗ ಮೇಜಿನ ಮೇಲೆ ಎಸೆದಿದ್ದನ್ನು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದ್ದರು, ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದರು. “ನೀವು ಹೇಳೂದು ಇದ್ರಾಗ ಎಲ್ಲೈತ್ರಿ ಸಾಹೇಬ್ರ? ನಂಗ ಸಿಗಲಿಲ್ಲ.” ಓಟಿಲ್ಲದ ಮುದುಕಿ ಪುಸ್ತಕ ಓದಿದ್ದಳು. ಓಟಿರುವ ನಾನು ಅದನ್ನು ಮರುಬಳಕೆಯ ಡಬ್ಬಿಗೆ ಹಾಕಿಯಾಗಿತ್ತು.

ನೋಡಿ, ಬರೆಯುವಾಗಲೂ ಮುದುಕಿ ಅಂದುಬಿಟ್ಟೆ. ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಸಭ್ಯವಾದ ಹೆಸರು ಹುಡುಕುವುದಿಲ್ಲ. ಅವರು ಜಂಬ ಪಡುವವರಾಗಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು, ಚೂರೂ ಜಂಬವಿರಲಿಲ್ಲ. ನನ್ನನ್ನು ಸೋಲಿಸಬೇಕೆಂಬ ಆಸೆಯೂ ಇರಲಿಲ್ಲ. ಗೊತ್ತಿಲ್ಲದ್ದಕ್ಕೆ “ಗೊತ್ತಿಲ್ರಿ” ಅಂದುಬಿಡುತ್ತಿದ್ದರು, ಆ “ಗೊತ್ತಿಲ್ರಿ”ಗೂ ಜನ ತಲೆದೂಗುತ್ತಿದ್ದರು. ನಾನು ಒಂದು ತಿಂಗಳು ಕಷ್ಟಪಟ್ಟು ಪಾಯಿಂಟು ಕೂಡಿಹಾಕಿ ಆಡಿದ ಮಾತಿಗೆ ಇಲ್ಲದ ಮರ್ಯಾದೆ ಗೊತ್ತಿಲ್ಲ ಅನ್ನುವುದಕ್ಕೆ! ಬೆಂಚಿನಲ್ಲಿ ಎಲ್ಲರ ಬಾಯಲ್ಲೂ ಈಗ ಅದೇ ಮಾತು. ಡಾಕ್ಟರು ಕೂಡ ಧಾರವಾಡದ ರಾಗ ಎಳೆದು “ಕಂಡಿದ್ದೋ, ಕೇಳಿದ್ದೋ” ಅನ್ನುತ್ತಿದ್ದರು. “ನೀವೇನಂತೀರಾ” ಅನ್ನುವುದು ನಿಂತೇ ಹೋಯಿತು. ಒಂದು ದಿನ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂದದ್ದಕ್ಕೆ ಹೆಂಡತಿ, ಬೇಕೆಂದೇ, “ಕಂಡಿದ್ದೋ, ಕೇಳಿದ್ದೋ?” ಅಂದಳು. ನಾನು ತಟ್ಟೆ ಬಿಟ್ಟು ಎದ್ದೆ. ಐವತ್ತನಾಲ್ಕು ವರ್ಷದ ಗಂಡಸು ಸಾರಿನ ಮುಂದಿನಿಂದ ಎದ್ದುಹೋಗುವುದು ನೋಡಲು ಚೆನ್ನಾಗಿರುವುದಿಲ್ಲ.

ಒಂದು ಶನಿವಾರ ಮೈಸೂರಿನ ಹುಡುಗಿ ಬೆಂಚಿನ ಹತ್ತಿರ ನನ್ನ ಪಕ್ಕಕ್ಕೇ ಬಂದು ಕೂತಳು.

“ಅಂಕಲ್, ನಿಮ್ಮನ್ನೇ ಕೇಳ್ಬೇಕು ಅಂತಿದ್ದೆ.”

ನಿಮ್ಮನ್ನೇ! ಎಷ್ಟು ದಿನವಾಗಿತ್ತು ಆ ಮಾತು ಕೇಳಿ. ನಾನು ಬೆನ್ನು ನೆಟ್ಟಗೆ ಮಾಡಿದೆ.

ಅವಳ ವಿಷಯ ಹೀಗಿತ್ತು. ಗಂಡನ ವೀಸಾದ ಮೇಲೆ ಬಂದು ಏಳು ವರ್ಷ ಮನೆಯಲ್ಲಿದ್ದವಳು. ಈಗ ಕೊನೆಗೂ ಒಂದು ಕಂಪನಿ ಕೆಲಸ ಕೊಟ್ಟಿತ್ತು, ಅವಳ ವೀಸಾ ಬದಲಾಯಿಸಲು ಅರ್ಜಿ ಹಾಕಿತ್ತು. ಉತ್ತರ ಬಂದಿರಲಿಲ್ಲ. ಅಷ್ಟರಲ್ಲಿ ಮೈಸೂರಿನಲ್ಲಿ ಒಬ್ಬಳೇ ತಂಗಿಯ ಮದುವೆ ಗೊತ್ತಾಗಿತ್ತು. ಅರ್ಜಿ ಬಾಕಿ ಇರುವಾಗ ಹತ್ತು ದಿನ ಹೋಗಿ ಬಂದರೆ ತೊಂದರೆಯೇ? ಅರ್ಜಿ ಬಿದ್ದುಹೋದರೆ ಅಲ್ಲೇ ಹೊಸ ವೀಸಾಕ್ಕೆ ತಿಂಗಳುಗಟ್ಟಲೆ ಕಾಯಬೇಕು, ಕೆಲಸ ಕಾಯುವುದಿಲ್ಲ.

“ನಮ್ಮೆಜಮಾನ್ರು ಒಂದು ಹೇಳ್ತಾರೆ, ಫ್ರೆಂಡ್ಸು ಒಂದು ಹೇಳ್ತಾರೆ. ನನ್ ತಂಗಿ ದಿನಾ ಫೋನ್ ಮಾಡಿ ಬರ್ತೀಯೋ ಇಲ್ವೋ ಹೇಳು ಅಂತಾಳೆ ಅಂಕಲ್.”

ನನಗೆ ಗೊತ್ತಿದ್ದದ್ದು ಇಷ್ಟು: ಆಫೀಸಿನಲ್ಲಿ ಪಕ್ಕದ ಕ್ಯೂಬಿಕಲ್ಲಿನವನು ಒಂದು ಮಧ್ಯಾಹ್ನ, ತನಗೆ ಗೊತ್ತಿರುವ ಯಾರೋ ಹೀಗೇ ಹೋಗಿ ಬಂದ ಅಂದಿದ್ದ. ಕನ್ನಡದಲ್ಲಿ ಇದನ್ನು ಹೇಳಲು ಒಂದೇ ಸರಿಯಾದ ದಾರಿಯಿದೆ, ಹೋಗಿ ಬಂದನಂತೆ. ನಾನು ಹೇಳಿದೆ: “ಆರಾಮಾಗಿ ಹೋಗಿ ಬಾಮ್ಮ. ಏನೂ ಆಗಲ್ಲ. ನಮ್ಮ ಆಫೀಸಲ್ಲೇ ಒಬ್ಬ ಫೈಲು ಪೆಂಡಿಂಗ್ ಇರೋವಾಗ ಹೋಗಿ ಬಂದ.”

ಹುಡುಗಿಯ ಮುಖ ಅರಳಿತು. ಬೆಂಚು ನನ್ನ ಕಡೆ ತಿರುಗಿತ್ತು. ಫ್ಲಾಸ್ಕಿನ ಮುಚ್ಚಳ ತಿರುವುತ್ತಿದ್ದ ಅಮ್ಮ ಕೈ ನಿಲ್ಲಿಸಿದರು.

“ಸಾಹೇಬ್ರ, ಕಂಡಿದ್ದೋ, ಕೇಳಿದ್ದೋ?”

ಎಲ್ಲರೂ ನಗಲು ತಯಾರಾಗಿದ್ದರು. ಉಡುಪಿಯವನು ಆಗಲೇ ಬಾಯಿ ಅಗಲ ಮಾಡಿದ್ದ. ಆ ನಗು ನನಗೆ ಬೇಡವಾಗಿತ್ತು. ಇನ್ನೊಂದು ಶನಿವಾರ ಆ ನಗು ಕೇಳುವುದು ನನ್ನಿಂದ ಸಾಧ್ಯವಿರಲಿಲ್ಲ.

“ಕಂಡಿದ್ದು ಅಮ್ಮ,” ಅಂದೆ.

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. “ಹೌದ್ರಿ?” ಅಂದು ಕಾಫಿ ಬಗ್ಗಿಸಿದರು, ಮೊದಲ ಲೋಟ ನನಗೇ ಕೊಟ್ಟರು. ಹೋದವನು ಯಾರು, ಯಾವಾಗ ಬಂದ ಅಂತ ಯಾರೂ ಕೇಳಲಿಲ್ಲ. ಡಾಕ್ಟರು ನನ್ನ ಭುಜ ತಟ್ಟಿ “ಇಂಥದ್ದಕ್ಕೆಲ್ಲ ಇವರನ್ನೇ ಕೇಳ್ಬೇಕು” ಅಂದರು. ಆ ಕಾಫಿಯಷ್ಟು ರುಚಿಯಾದ ಕಾಫಿಯನ್ನು ನಾನು ಆ ವರ್ಷ ಕುಡಿಯಲಿಲ್ಲ. ಕಾರಿನಲ್ಲಿ ಹಾಡು ಗುನುಗಿಕೊಂಡು ಮನೆಗೆ ಬಂದೆ. ಹೆಂಡತಿ “ಏನು ವಿಶೇಷ?” ಅಂದಳು. ಏನಿಲ್ಲ ಅಂದೆ.

ಖುಷಿ ಬುಧವಾರದವರೆಗೆ ಇತ್ತು. ಬುಧವಾರ ಆ ಕ್ಯೂಬಿಕಲ್ಲಿನವನು ಕಾಫಿ ಮೆಷಿನ್ನಿನ ಹತ್ತಿರ ಸಿಕ್ಕಿದ. ಸುಮ್ಮನೆ ಎಂಬಂತೆ ಕೇಳಿದೆ, ನೀನು ಹೇಳಿದ್ದೆಯಲ್ಲ, ಫೈಲು ಬಾಕಿ ಇರುವಾಗ ಊರಿಗೆ ಹೋಗಿ ಬಂದವನು, ಅವನ ಸಂಗತಿ ಏನು? ಅವನು ಹುಬ್ಬು ಗಂಟಿಕ್ಕಿದ. ತನಗೂ ಇನ್ನೊಬ್ಬ ಹೇಳಿದ್ದು, ಆ ಮನುಷ್ಯ ಹೋಗಿದ್ದಂತೂ ನಿಜ, ವಾಪಸು ಬಂದನೋ ಇಲ್ಲವೋ ಗೊತ್ತಿಲ್ಲ ಅಂದ. ಹೇಳಿ ಸಕ್ಕರೆ ಹಾಕಿಕೊಂಡು ಹೋದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವನು ನಾನು. ಕಟ್ಟು ಅಂದದ್ದಷ್ಟೇ ಅಲ್ಲ, ಕರುವನ್ನು ಕಣ್ಣಾರೆ ಕಂಡೆ ಅಂದಿದ್ದೆ.

ಅವತ್ತು ಸೇತುವೆಯ ಮೇಲೆ ಕಾರುಗಳು ಕದಲಲಿಲ್ಲ. ಏಳು ವರ್ಷ ಮನೆಯಲ್ಲಿದ್ದವಳ ಕೆಲಸ. ಅವಳು ಟಿಕೆಟ್ ತೆಗೆದಿರುತ್ತಾಳೆ. ಫೋನ್ ಮಾಡೋಣವೆಂದರೆ ಏನಂತ ಮಾಡಲಿ? ಆ ಹೊತ್ತಿನಲ್ಲೂ, ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಮನಸ್ಸು ಲೆಕ್ಕ ಹಾಕುತ್ತಿದ್ದದ್ದು ಶನಿವಾರ ಬೆಂಚಿನಲ್ಲಿ ಆ ಅಮ್ಮನ ಎದುರು ನನ್ನ ಮುಖ ಹೇಗೆ ಕಾಣುತ್ತದೆ ಎಂದು.

ಗುರುವಾರ ಸಂಜೆ ಅವರ ಮನೆಗೆ ಹೋದೆ. ಬಾಗಿಲು ತೆಗೆದದ್ದು ಅಮ್ಮನೇ. “ಬರ್ರಿ ಸಾಹೇಬ್ರ, ಒಳಗ ಬರ್ರಿ. ಸೊಸಿ ಡೇಕೇರಿಗೆ ಹೋಗ್ಯಾಳ, ಕೂಸಿನ್ನ ಕರ್ಕೊಂಡು ಬರ್ತಾಳ.” ಹಾಲಿನಲ್ಲಿ ಪೇಪರು ಹಾಸಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಅದರ ಪಕ್ಕದಲ್ಲೇ ದೊಡ್ಡ ಸೂಟ್‌ಕೇಸು ಬಾಯಿ ತೆರೆದು ಬಿದ್ದಿತ್ತು, ಒಳಗೆ ರೇಷ್ಮೆ ಸೀರೆ, ಮೇಕಪ್ ಡಬ್ಬಿ, ಚಾಕಲೇಟು. ಟಿಕೆಟ್ ತೆಗೆದೇಬಿಟ್ಟಿದ್ದಾಳೆ ಅಂದುಕೊಂಡೆ.

ಕೂತವನು ನೀರೂ ಕುಡಿಯದೆ ಹೇಳಿಬಿಟ್ಟೆ. “ಅಮ್ಮ, ಅವತ್ತು ನಾನು ಹೇಳಿದ್ದು ಕಂಡಿದ್ದಲ್ಲ. ಕೇಳಿದ್ದು.”

“ಗೊತ್ತಿತ್ರಿ,” ಅಂದರು ಅವರು. ಕೈ ಸೊಪ್ಪು ಬಿಡಿಸುತ್ತಲೇ ಇತ್ತು.

“ಹೇಗೆ?”

“ಕಂಡವ್ರು ಬ್ಯಾಡದ್ದೂ ಹೇಳ್ತಾರ್ರಿ. ಅಂವ ಹಸರ ಅಂಗಿ ಹಾಕಿದ್ದ, ನಾಯಿ ಬೊಗಳ್ತಿತ್ತು, ನಂಗ ಬಾಯಾರಿಕಿ ಆಗಿತ್ತು ಅಂತಾರ. ಕೇಳಿದವ್ರು ಬರೇ ಮುಖ್ಯ ಸಂಗ್ತಿ ಅಷ್ಟ ಹೇಳ್ತಾರ. ನಿಮ್ಮ ಮಾತಿನ್ಯಾಗ ಅಂಗಿ ಇರಲಿಲ್ಲ.”

“ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ ನೀವು?”

“ಸಾಕ್ಷಿ ಬಾಯಿಂದನ ಬರಬೇಕ್ರಿ ಅದು. ಕ್ಲಾರ್ಕ್ ಹೇಳಬಾರದು.” ಆಮೇಲೆ ನನ್ನ ಕಣ್ಣು ಸೂಟ್‌ಕೇಸಿನ ಮೇಲಿದ್ದದ್ದನ್ನು ಕಂಡು, “ಅಕಿ ಹೋಗಂಗಿಲ್ರಿ. ಇವು ತಂಗಿಗೆ ಕಳಸೂ ಸಾಮಾನು, ಊರಿಗೆ ಹೋಗೋರ ಕೈಯಾಗ ಕೊಡ್ತೀವಿ. ರವಿವಾರನ ನಾ ಮಗನ್ನ ಹಿಡ್ಕೊಂಡು ಕೂತು ವಕೀಲರಿಗೆ ಬರಸಿದೆ. ಸೋಮವಾರ ಉತ್ತರ ಬಂತು. ಹೋದ್ರ ಅರ್ಜಿ ಬಿದ್ದಂಗ ಅಂತ ಬರದಾರ, ಕಾಗದದ ಮ್ಯಾಲ.”

ಎಂಥ ನೆಮ್ಮದಿಯಾಗಬೇಕಿತ್ತು ನನಗೆ. ಆಯಿತು ಕೂಡ, ಒಂದು ಉಸಿರಿನಷ್ಟು ಹೊತ್ತು. ಅದರ ಹಿಂದೆಯೇ ಬಂತು ಅದೇ ಹೊಟ್ಟೆಕಿಚ್ಚು. ಎರಡು ದಿನ ನಾನು ಒದ್ದಾಡಿದ್ದು ಯಾವುದಕ್ಕೆ? ನನ್ನ ತೀರ್ಪನ್ನು ಇಪ್ಪತ್ತನಾಲ್ಕು ಗಂಟೆಯಲ್ಲಿ ಈ ಹೆಂಗಸು ಮೇಲ್ಮನವಿ ಮಾಡಿ ಹೊಡೆದುಹಾಕಿದ್ದರು. ನನ್ನ ನಿಜಕ್ಕಂತೂ ಬೆಲೆಯಿರಲಿಲ್ಲ, ನನ್ನ ಸುಳ್ಳಿಗೂ ಇರಲಿಲ್ಲ. ಒಂದು ಹುಡುಗಿಯ ಕೆಲಸ ಉಳಿದ ಸುದ್ದಿ ಕೇಳಿ ಕುದಿಯುತ್ತ ಕೂತಿದ್ದೆ ನಾನು.

ಮುಖದಲ್ಲಿ ಕಂಡಿತೇನೋ. “ಸರಿಯಮ್ಮ, ಹಾಗಾದ್ರೆ ನನ್ನ ಮಾತಿಂದ ಏನೂ ಆಗ್ಲಿಲ್ಲ ಬಿಡಿ,” ಅಂದ ನನ್ನ ದನಿಯಲ್ಲೂ ಇದ್ದಿರಬೇಕು.

ಅವರು ಮೊದಲ ಸಲ ಸೊಪ್ಪು ಕೆಳಗಿಟ್ಟರು.

“ಆಗೇದ್ರಿ. ನಿಮ್ಮ ಮಾತು ಕೇಳಿ ಅಕಿ ಶನಿವಾರ ಮನಿಗೆ ಬಂದಾಕಿನ ತಂಗಿಗೆ ಫೋನ್ ಹಚ್ಚಿದ್ಲು. ಬರ್ತೀನಿ ಅಂದ್ಲು. ಇಬ್ಬರೂ ಕುಣದಾಡಿದ್ರು ಫೋನ್ನ್ಯಾಗ, ಕೂಸೂ ಕುಣೀತು. ಸೋಮವಾರ ಮತ್ತ ಫೋನ್ ಹಚ್ಚಿ ಬರಂಗಿಲ್ಲ ಅಂದ್ಲು. ಹಳದಿ ಚೂಡಿದಾರ ಹಾಕಿದ್ಲು, ಆ ಕಿಡಕಿ ಹತ್ರ ನಿಂತಿದ್ಲು, ಒಲಿ ಮ್ಯಾಲ ಹಾಲು ಉಕ್ಕಿ ಹೋತು. ಇಬ್ಬರೂ ನೋಡಲಿಲ್ಲ.” ಮತ್ತೆ ಸೊಪ್ಪಿಗೆ ಕೈ ಹಾಕುತ್ತ ಅಂದರು, “ಇದು ನಾ ಕಂಡಿದ್ದು.”

ಅಷ್ಟರಲ್ಲಿ ಬಾಗಿಲು ತೆರೆಯಿತು. ಮಗು “ಅಜ್ಜೀ, ಲುಕ್” ಅಂತ ಕೈಯಲ್ಲಿದ್ದ ಚಿತ್ರ ಹಿಡಿದು ಓಡಿಬಂತು, ಹಿಂದೆ ಅದರ ತಾಯಿ. ಅಮ್ಮ ಮೆಲ್ಲಗೆ “ಅಕಿಗೆ ನೀವ ಹೇಳ್ರಿ” ಅಂದು ಸೊಪ್ಪು ಎತ್ತಿಕೊಂಡು ಅಡುಗೆಮನೆಗೆ ಹೋದರು. ಹೇಳಿದೆ. ನಿಂತುಕೊಂಡೇ ಹೇಳಿದೆ. ಹುಡುಗಿ ಡೇಕೇರಿನ ಚೀಲವನ್ನು ಭುಜದಿಂದ ಇಳಿಸದೆ ಕೇಳಿಸಿಕೊಂಡಳು.

“ಪರವಾಗಿಲ್ಲ ಅಂಕಲ್. ನೀವು ಒಳ್ಳೇದಕ್ಕೇ ಅಲ್ವಾ ಹೇಳಿದ್ದು.”

ಒಳ್ಳೆಯದಕ್ಕೆ ಹೇಳಿರಲಿಲ್ಲ. ಗೆಲ್ಲುವುದಕ್ಕೆ ಹೇಳಿದ್ದೆ. ಅದನ್ನು ಮಾತ್ರ ಅವಳಿಗೆ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಶನಿವಾರ ಬೆಂಚಿಗೆ ಹೋಗುವುದೋ ಬೇಡವೋ ಅಂತ ಹಿಂದೆ ಮುಂದೆ ನೋಡಿದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಳ್ಳುವ ಹಾಗೆ ಯಾರು ಏನಂದರೂ ನನಗೇ ಅಂದಂತೆ ಕಾಣುತ್ತಿತ್ತು. ಆದರೆ ಅತ್ತೆ ಸೊಸೆ ಇಬ್ಬರೂ ಯಾರಿಗೂ ಏನೂ ಹೇಳಿರಲಿಲ್ಲ. ಆ ದೊಡ್ಡತನಕ್ಕೂ ನನಗೆ ಹೊಟ್ಟೆ ಉರಿಯಿತು. ನಾನಾಗಿದ್ದರೆ ಕೆರೆಯ ಮೊದಲ ಸುತ್ತಿನಲ್ಲೇ ಹೇಳಿ ಮುಗಿಸಿರುತ್ತಿದ್ದೆ.

ಐದು ವಾರ ಹೋಯಿತು. ಮೈಸೂರಿನಲ್ಲಿ ಮದುವೆಯಾಯಿತು. ಅದರ ಮುಂದಿನ ಶನಿವಾರ ಹುಡುಗಿ ಒಂದು ಡಬ್ಬಿ ತುಂಬ ಚಿರೋಟಿ ಮಾಡಿಕೊಂಡು ಬಂದಿದ್ದಳು. ಬೆಂಚಿನಲ್ಲಿ ಮಾತು ಚುನಾವಣೆಯದೋ, ಯಾವುದೋ ಕಂಪನಿ ಜನರನ್ನು ತೆಗೆದದ್ದೋ, ನೆನಪಿಲ್ಲ. ಡಾಕ್ಟರು ಹಳೆಯ ಅಭ್ಯಾಸದಿಂದ ನನ್ನ ಕಡೆ ತಿರುಗಿ “ನೀವೇನಂತೀರಾ?” ಅಂದರು. ನಾನು ಚಿರೋಟಿ ಬಾಯಿಗಿಟ್ಟುಕೊಂಡು, ಮಾತು ತಪ್ಪಿಸಲು ಹುಡುಗಿಯನ್ನು ಕೇಳಿದೆ.

“ಮದುವೆ ಹೇಗಾಯ್ತಮ್ಮ?”

ಅವಳು ಡಬ್ಬಿಯ ಮುಚ್ಚಳವನ್ನು ಸರಿಯಾಗಿ ಕೂರಿಸುತ್ತಿದ್ದಳು.

“ತುಂಬಾ ಚೆನ್ನಾಗಿ ಆಯ್ತಂತೆ ಅಂಕಲ್.”

“ಅಂತೆ ಯಾಕೆ? ಫೋನಲ್ಲಿ ಲೈವ್ ನೋಡ್ತೀನಿ ಅಂದಿದ್ಯಲ್ಲ?” ಅಂದ ಉಡುಪಿಯವನು.

“ನೋಡ್ದೆ. ಆದ್ರೆ ಧಾರೆ ಹೊತ್ತಿಗೆ ಸರಿಯಾಗಿ ಫೋಟೋಗ್ರಾಫರ್‌ಗಳು ಅಡ್ಡ ನಿಂತ್ಬಿಟ್ರು. ಅವರ ಬೆನ್ನೇ ಕಾಣಿಸ್ತಿತ್ತು. ನಮ್ಮಮ್ಮ ಆಮೇಲೆ ಹೇಳಿದ್ರು, ತಂಗಿ ಬಾಗಿಲ ಕಡೇನೇ ನೋಡ್ತಿದ್ಳಂತೆ.”

ಯಾರಾದರೂ ನಗುತ್ತಾರೇನೋ, ಯಾರಾದರೂ ಆ ಮಾತು ಅನ್ನುತ್ತಾರೇನೋ ಅಂತ ನಾನು ಕಾದೆ. ಅಮ್ಮನ ಕಡೆ ನೋಡಿದೆ. ಅವರು ಸೊಸೆಯ ಕೈಯಿಂದ ಡಬ್ಬಿ ತೆಗೆದುಕೊಂಡು, ಇನ್ನೊಂದು ಚಿರೋಟಿ ತೆಗೆದು ನನ್ನ ಕೈಗೆ ಹಾಕಿದರು.